ಅದಲುಬದಲಾದ ಕಣ್ಣಿನ ವರದಿ

ರೇಣುಕಾ, ನಿನ್ನ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ನಿನಗೆ ಎಲ್ಲ ಬಣ್ಣವೂ ಸರಿಯಾಗಿಯೇ ಕಾಣುತ್ತದೆ. ಇದು ನನಗೆ ಒಂಬತ್ತು ವರ್ಷಗಳಿಂದ ಗೊತ್ತು.

ಆಗಲೂ ನಾನು ಚೆಂಬೂರಿನ ಇದೇ ಕಣ್ಣಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ಊರಾಚೆಯ ಕಾರ್ ಫ್ಯಾಕ್ಟರಿಯವರು ಹೊಸ ಘಟಕ ಕಟ್ಟಿ ನೂರಾರು ಜನರನ್ನು ತೆಗೆದುಕೊಳ್ಳುತ್ತಿದ್ದರು. ಅವರ ಕಣ್ಣಿನ ಪರೀಕ್ಷೆ ನಮ್ಮಲ್ಲಿ. ನೀನು ಐಟಿಐ ಮುಗಿಸಿ ಬಂದಿದ್ದೆ. ಬಿಲ್ಡಿಂಗ್ ಕೆಲಸಕ್ಕೆಂದು ವಿಜಯಪುರದ ಕಡೆಯಿಂದ ಬಂದಿದ್ದ ನಿನ್ನ ಅಪ್ಪ ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಕಾರುಗಳ ಬಣ್ಣ ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ ನಿನ್ನದಾಗಬೇಕಿತ್ತು. ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿಗಳನ್ನು ನೀನು ತಡೆಯಿಲ್ಲದೆ ಓದಿದೆ. ನಿನ್ನ ನಂತರ ಬಂದವನು ತಡವರಿಸಿದ. ಇಬ್ಬರ ಹಾಳೆಗಳೂ ಮೇಜಿನ ಮೇಲಿದ್ದವು — ನಾನು ಅವನ ದೋಷವನ್ನು ನಿನ್ನ ಹಾಳೆಯಲ್ಲಿ, ನಿನ್ನ ಫಲಿತಾಂಶವನ್ನು ಅವನ ಹಾಳೆಯಲ್ಲಿ ಬರೆದೆ.

ಅಲ್ಲಿಯವರೆಗೆ ಅದು ಕೈತಪ್ಪು. ಮೂರನೆಯ ದಿನ ನನ್ನ ಕಚ್ಚಾ ಪುಸ್ತಕದೊಂದಿಗೆ ತಾಳೆ ನೋಡುವಾಗ ತಿಳಿಯಿತು. ಫ್ಯಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಹಿಂದಿನ ವಾರವಷ್ಟೇ ಇನ್ನೊಂದು ತಪ್ಪಿಗೆ ಡಾಕ್ಟರು ಎಲ್ಲರೆದುರು ಬೈದಿದ್ದರು. ರಿಸೀವರ್ ಎತ್ತಿದೆ — ಇಟ್ಟೆ. ಅವನಿಗೆ ಕೆಲಸ ಸಿಕ್ಕಿತು.

ನೀನು ಮತ್ತೆ ಬಂದೆ. "ಅಕ್ಕಾರ, ನನಗ ಕೆಂಪು ಕೆಂಪನ ಕಾಣತೈತ್ರಿ. ಇನ್ನೊಮ್ಮೆ ನೋಡ್ರಿ."

ಬಣ್ಣದ ಚುಕ್ಕಿಗಳ ಪುಸ್ತಕ ಡ್ರಾಯರಿನಲ್ಲೇ ಇತ್ತು. ತೆಗೆಯಲಿಲ್ಲ. "ಇಂಥ ದೋಷ ಇರೋರಿಗೆ ಅದು ಗೊತ್ತೇ ಆಗಲ್ಲಮ್ಮ," ಎಂದೆ.

ನೀನು ನಂಬಿದೆ. ಎಷ್ಟು ನಂಬಿದೆ ಎಂಬುದು ಕಳೆದ ತಿಂಗಳು ಗ್ರಾಂಟ್ ರೋಡಿನ ಬಟ್ಟೆ ಅಂಗಡಿಯಲ್ಲಿ ಕಂಡಿತು. ಎರಡು ಬ್ಲೌಸ್ ಪೀಸುಗಳಲ್ಲಿ ಹಸಿರು ಯಾವುದೆಂದು ನೀನು ಅಂಗಡಿಯವನನ್ನು ಹಿಂದಿಯಲ್ಲಿ ಕೇಳುತ್ತಿದ್ದೆ — ನಿನ್ನ ಕೈ ಆಗಲೇ ಹಸಿರಿನ ಮೇಲಿತ್ತು. ನನ್ನನ್ನು ಗುರುತಿಸಿ ನಕ್ಕೆ. ಸಾಂತಾಕ್ರೂಜಿನ ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸ ಎಂದೆ. ಆಮೇಲೆ ದನಿ ತಗ್ಗಿಸಿ, "ನನ್ನ ಮಗಳ ಕಣ್ಣೂ ಒಮ್ಮೆ ನೋಡ್ರಿ, ಅಕ್ಕಾರ. ಅಕಿ ನನ್ನಂಗ ಆಗಬಾರದಲ್ರಿ," ಎಂದೆ.

ಅಲ್ಲಿಯೇ ಹೇಳಬೇಕಿತ್ತು. ಕರೆದುಕೊಂಡು ಬಾ ಎಂದಷ್ಟೇ ಹೇಳಿದೆ.

ನಿನ್ನೆ ಡಾಕ್ಟರಿಗೆ ಎಲ್ಲವನ್ನೂ ತಿಳಿಸಿದೆ. ಫ್ಯಾಕ್ಟರಿಯವರು ಈಗ ಮತ್ತೆ ಜನರನ್ನು ತೆಗೆದುಕೊಳ್ಳುತ್ತಿದ್ದಾರಂತೆ. ಆದರೆ ನಿನ್ನ ವಯಸ್ಸು ಮೀರಿದೆ — ವಿಚಾರಿಸಿದೆ. ಶನಿವಾರ ನೀನು ಬರುತ್ತೀಯ. ಮಗುವನ್ನು ಪರೀಕ್ಷೆಗೆ ಕೂರಿಸುವ ಮೊದಲು ಈ ಕಾಗದವನ್ನು ನಿನ್ನೆದುರು ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಎದ್ದು ಹೋದರೆ ತಡೆಯುವುದಿಲ್ಲ.