ಅಕ್ಕನ ಮನೆಯ ಆರನೆಯ ದೀಪ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಏಳು ವರ್ಷದ ಹಿಂದಿನ ಒಂದು ಫೋನ್ ಕರೆ ಇದರಲ್ಲಿದೆ. ಆ ಫೋನೂ ಈಗ ನನ್ನ ಬಳಿ ಇಲ್ಲ. ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ, ನೀವು ಬಲ್ಲಿರಿ. ದೀಪಗಳು ಮಾತ್ರ ಆರು. ಮೂರು ಸಲ ಎಣಿಸಿದ್ದೇನೆ.

ಕಳೆದ ಶುಕ್ರವಾರ ಲಂಡನ್ನಿನ ಎಜ್‌ವೇರ್‌ನ ಅಕ್ಕನ ಮನೆಗೆ ಹೋಗಿದ್ದೆ. ಮೈಸೂರಿನ ನನ್ನಕ್ಕ ಯಹೂದಿಯನ್ನು ಮದುವೆಯಾಗಿ, ತಾನೂ ಯಹೂದಿಯಾಗಿ, ನಮ್ಮಜ್ಜಿಗಿಂತ ಹೆಚ್ಚು ಮಡಿ ಮಾಡುವುದು ಈ ಅಂಕಣದ ಹಳೇ ಓದುಗರಿಗೆ ಗೊತ್ತು. ಅವಳದು ಕೋಷರ್ ಅಡುಗೆಮನೆ: ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ. ನನ್ನ ಕೈಯ ರವೆ ಉಂಡೆಗೆ ಅಲ್ಲಿ ಪ್ರವೇಶವಿಲ್ಲ. ನಾನಿರುವ ಹ್ಯಾರೋದಿಂದ ಬಾಳೆಹಣ್ಣು ಒಯ್ಯುತ್ತೇನೆ. ("ಸಿಪ್ಪೆ ಸಮೇತ ತಂದಿದ್ದೀಯ ತಾನೆ?" ಎಂದು ಅಕ್ಕ ರೇಗಿಸುತ್ತಾಳೆ.)

ಶುಕ್ರವಾರ ಸೂರ್ಯ ಮುಳುಗಿದರೆ ಶಬ್ಬಾತ್. ಶನಿವಾರ ಕತ್ತಲಾಗುವವರೆಗೆ ಬೆಂಕಿ, ಸ್ವಿಚ್, ಫೋನ್ ಯಾವುದನ್ನೂ ಮುಟ್ಟುವಂತಿಲ್ಲ. ಚಳಿಗಾಲದಲ್ಲಿ ಇಲ್ಲಿ ಮೂರೂವರೆಗೇ ದೀಪ ಹಚ್ಚಬೇಕು. ಆಮೇಲೆ ಆ ಮನೆ ಬೇರೆಯೇ ಆಗುತ್ತದೆ. ಬಲ್ಬ್ ಬಿಚ್ಚಿಟ್ಟ ಫ್ರಿಜ್ ತೆರೆದರೂ ಒಳಗೆ ಕತ್ತಲೆ. ಯಾರೂ ಮುಟ್ಟದೆ ಊಟದ ಕೋಣೆಯ ಲೈಟು ತಾನಾಗಿ ಹೋಗುತ್ತದೆ. (ಟೈಮರ್. ಗೊತ್ತು. ಆದರೂ ಪ್ರತಿ ಸಲ ಬೆಚ್ಚುತ್ತೇನೆ.)

ಅಕ್ಕ ದೀಪ ಹಚ್ಚಿದಳು. ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಮೂರು ಸಲ ಬೆಳಕನ್ನು ಕೈಯಿಂದ ತನ್ನತ್ತ ಸೆಳೆದುಕೊಂಡಳು. ಅಂಗೈಯಿಂದ ಕಣ್ಣು ಮುಚ್ಚಿ ನಿಂತಳು. ಎರಡು ದೀಪ ಮಾಮೂಲು, ಮಗುವಿಗೊಂದರಂತೆ ಮೂರು. ಐದಾಗಬೇಕು. ಆರು ಇದ್ದವು! ಇಷ್ಟು ವರ್ಷ ನಾನು ಎಣಿಸಿಯೇ ಇರಲಿಲ್ಲ.

ಮುಖದಿಂದ ಅವಳು ಕೈ ತೆಗೆಯಲೇ ಇಲ್ಲ. ಬೆರಳುಗಳ ಕೆಳಗೆ ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯ ಹಾಗಲ್ಲ. ಏನೋ ಹೇಳಿ, ಯಾರದೋ ಉತ್ತರಕ್ಕೆ ಕಾದು, ಮತ್ತೆ ಹೇಳುವ ಹಾಗೆ.

"ಆರನೇದು ಯಾರದ್ದೇ?" ಎಂದು ಮಿರಿಯಮ್‌ಳನ್ನು ಕೇಳಿದೆ. ಅಕ್ಕನ ಹಿರಿಮಗಳು, ಹದಿಮೂರು ವರ್ಷ.

"ಮಮ್ ಫರ್ಗಾಟ್ ಒನ್ಸ್, ಚಿಕ್ಕಮ್ಮ. ಸೋ, ಒನ್ ಎಕ್ಸ್‌ಟ್ರಾ. ಫಾರೆವರ್."

ಒಂದು ಶುಕ್ರವಾರ ದೀಪ ಹಚ್ಚುವುದನ್ನು ಮರೆತರೆ ಬದುಕಿಡೀ ಒಂದು ದೀಪ ಹೆಚ್ಚು. ಅವರ ಮನೆತನದ ಪದ್ಧತಿ. ಭಾವ ಇನ್ನಷ್ಟು ಬಿಡಿಸಿ ಹೇಳಿದರು: ಆಸ್ಪತ್ರೆ, ಅಪಘಾತ ಅಂತ ಸಿಕ್ಕಿಹಾಕಿಕೊಂಡಿದ್ದರೆ ಪರವಾಗಿಲ್ಲ. ಮರೆತರೆ ಮಾತ್ರ ಈ ತಪ್ಪುಕಾಣಿಕೆ.

"ಯಾವಾಗ ಮರೆತಿದ್ದು?"

"ಐ ವಾಸ್ ಸಿಕ್ಸ್. ದ ವಿಂಟರ್ ಮೈ ಟೂತ್ ಫೆಲ್ ಔಟ್."

ಆ ಚಳಿಗಾಲ ನನಗೆ ಗೊತ್ತು. ಅಮ್ಮನ ಉತ್ತರಕ್ರಿಯೆಯೆಲ್ಲ ಮುಗಿಸಿ ನಾನು ಮೈಸೂರಿನಿಂದ ವಾಪಸ್ ಬಂದಾಗ ಈ ಹುಡುಗಿ ಹಲ್ಲಿಲ್ಲದ ಬಾಯಿ ತೋರಿಸಿ ನಕ್ಕಿದ್ದಳು.

ಮೈಸೂರಿನ ಆಸ್ಪತ್ರೆಯಲ್ಲಿ ಅಮ್ಮ ಎರಡು ದಿನದಿಂದ ಮಾತಾಡಿರಲಿಲ್ಲ. ಅವತ್ತು ಕಣ್ಣು ಬಿಟ್ಟು ಅಕ್ಕನ ಹೆಸರು ಹೇಳಿದಳು. ಅಲ್ಲಿ ಒಂಬತ್ತೂಕಾಲು, ಲಂಡನ್ನಿನಲ್ಲಿ ಮೂರೂಮುಕ್ಕಾಲು. ಶುಕ್ರವಾರ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಫೋನ್ ಮಾಡಿದೆ. ಆ ಕಡೆ ಎತ್ತಿದರು. ಹಲೋ ಅನ್ನಲಿಲ್ಲ. ಬರೀ ಉಸಿರು ಕೇಳಿಸಿತು. (ಕೇಳಿಸಿತೇ? ಆಮೇಲೆ ನಾನೇ ಸೇರಿಸಿಕೊಂಡೆನೇ?) ಅಮ್ಮನ ಕಿವಿಗೆ ಹಿಡಿದೆ.

"ಹೂಂ," ಅಂದಳು. "ಹೌದಾ? ಆಮೇಲೆ?" ಒಮ್ಮೆ ನಕ್ಕಳು ಕೂಡ. ಹನ್ನೊಂದು ನಿಮಿಷ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಅಕ್ಕನ ಫೋನ್ ಬಂದಿದ್ದು ಶನಿವಾರ ಶಬ್ಬಾತ್ ಮುಗಿದ ಮೇಲೆ. "ಈಗ ನೋಡ್ದೆ ಕಣೇ. ಫೋನ್ ಡ್ರಾಯರ್‌ನಲ್ಲಿತ್ತು." ನಂಬಿದೆ. ಅಮ್ಮ ಮಾತಾಡಿದ್ದು ವಾಯ್ಸ್‌ಮೇಲ್ ಜೊತೆ ಎಂದುಕೊಂಡೆ. ಹನ್ನೊಂದು ನಿಮಿಷದ ವಾಯ್ಸ್‌ಮೇಲ್ ಎಲ್ಲಾದರೂ ಇರುತ್ತದೆಯೇ? ಆಗ ತೋಚಲಿಲ್ಲ.

ವೈಕುಂಠ ಸಮಾರಾಧನೆಯ ದಿನ ನೆಂಟರಿಗೆಲ್ಲ ಹೇಳಿದ್ದೂ ನಾನೇ: ಅಮ್ಮ ಕೊನೇ ಸಲ ಕರೆದಾಗಲೂ ಅವಳು ಫೋನ್ ತೆಗೆದುಕೊಳ್ಳಲಿಲ್ಲ. "ದೇವರನ್ನೇ ಬಿಟ್ಟವಳು, ತಾಯಿ ಯಾವ ಲೆಕ್ಕ ಬಿಡು," ಅಂದರು ಸೋದರತ್ತೆ. ನಾನು ಅವರ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದೆ. ಅಂದಿನಿಂದ ಊರಿನ ಒಂದು ಮದುವೆಗೂ ಅಕ್ಕನನ್ನು ಕರೆದಿಲ್ಲ. ಅವಳೂ ಒಮ್ಮೆಯೂ ಯಾಕೆ ಎಂದು ಕೇಳಿಲ್ಲ.

ಶನಿವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. "ಅವತ್ತು ದೀಪ ಯಾಕೆ ಹಚ್ಚಲಿಲ್ಲ?" ಎಂದೆ.

ಯಾವತ್ತು ಎಂದು ಅವಳು ಕೇಳಲಿಲ್ಲ. "ಚಿಕ್ಕವನಿಗೆ ಜ್ವರ ಇತ್ತು ಕಣೇ. ಎಲ್ರೂ ಎಮರ್ಜೆನ್ಸಿಲಿ ಕೂತಿದ್ವಿ. ಮನೇಲಿ ಯಾರೂ ಇರ್ಲಿಲ್ಲ."

ಆಸ್ಪತ್ರೆಯಲ್ಲಿದ್ದವರಿಗೆ ಆ ಹೆಚ್ಚಿನ ದೀಪ ಬೇಕಿಲ್ಲವಲ್ಲ? ಭಾವ ಹೇಳಿದ್ದು ಹಾಗೆಯೇ. ಅಂದರೆ ಅಕ್ಕ ಸುಳ್ಳು ಹೇಳುತ್ತಿದ್ದಾಳೆ, ಆ ಫೋನ್ ಎತ್ತಿ ಮಾತಿನಲ್ಲಿ ದೀಪ ಮರೆತವಳು ಅವಳೇ. ಇಲ್ಲವೇ, ಯಾರೂ ಇಲ್ಲದ ಮನೆಯಲ್ಲಿ ಯಾರೋ ಫೋನ್ ಎತ್ತಿ ನಮ್ಮಮ್ಮನನ್ನು ನಗಿಸಿದ್ದಾರೆ. ಯಾವುದು ನಿಜವಾಗಲಿ ಎಂದು ಬಯಸಲಿ? ಮೊದಲನೆಯದಾದರೆ, ಏಳು ವರ್ಷ ನಾನು ಅವಳಿಗೆ ಮಾಡಿದ್ದೇನು?

ಅಕ್ಕ ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಕೈ ಒಣಗಿ ಎಷ್ಟೋ ಹೊತ್ತಾಗಿತ್ತು. ನಾನು ಕೇಳಿದೆ.

"ಅಕ್ಕ, ಆ ಹನ್ನೊಂದು ನಿಮಿಷ ಅಮ್ಮಂಗೆ ಏನು ಹೇಳ್ತಿದ್ದೆ?"