ಅಣ್ಣನ ಮಾತಿಗೆ ವೇಗ ಕೊಟ್ಟ ನಿಧಾನಪ್ಪ

ಕಂಪ್ಯೂಟರಿನ ವೇಗ ಹೆಚ್ಚಿಸಿಕೊಡುವ ಮನುಷ್ಯನಿಗೆ ನಿಧಾನಪ್ಪ ಅಂತ ಹೆಸರಿಟ್ಟ ನಮ್ಮ ಬೀದಿಯ ಜನಕ್ಕೆ ಏನು ಹೇಳೋಣ! ಎದುರಿಗೆ ಎಲ್ಲರೂ ‘ಸಾರ್’ ಅನ್ನುತ್ತಾರೆ, ಬೆನ್ನ ಹಿಂದೆ ನಿಧಾನಪ್ಪ. ಅವರಿಗೂ ಅದು ಗೊತ್ತು. ಒಂದು ಮಾತು ಆಡಿ, ಕನ್ನಡಕ ಒರೆಸಿಕೊಂಡು, ಆಮೇಲೆ ಇನ್ನೊಂದು ಮಾತು ಆಡುವವರು ಅವರು. ಚಿಕ್ಕಂದಿನಲ್ಲಿ ವಿಪರೀತ ಉಗ್ಗುತ್ತಿದ್ದರಂತೆ. ಪದಗಳನ್ನು ಒಂದೊಂದಾಗಿ ಇಳಿಸಿದರೆ ಉಗ್ಗು ಬರುವುದಿಲ್ಲ ಎಂದು ತಾವೇ ಕಂಡುಕೊಂಡು, ಹಾಗೇ ಉಳಿದುಬಿಟ್ಟರು. ಮೊದಲು ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಅದು ಮುಚ್ಚಿದಾಗ ಗುಜರಿಗೆ ಹೋಗಬೇಕಿದ್ದ ಪೆಟ್ಟಿಗೆಗಳನ್ನೆಲ್ಲ ಹೊತ್ತು ತಂದು, ಔಷಧಿ ಅಂಗಡಿಯ ಮೆಟ್ಟಿಲ ಕೆಳಗೆ ರಿಪೇರಿಗೆ ಕೂತರು. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ.

ನನ್ನಣ್ಣ ಅವರಿಗೆ ತದ್ವಿರುದ್ಧ. ನಮ್ಮದು ಸಲೂನು. ಅಣ್ಣನ ನಾಲಿಗೆ ಅವನ ಕತ್ತರಿಗಿಂತ ಚುರುಕು. ಕೂದಲು ಬೆಳೆಯದಿದ್ದರೂ ಅವನ ಮಾತು ಕೇಳುವುದಕ್ಕೇ ಜನ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಆಮೇಲೆ ನರಗಳ ಕಾಯಿಲೆ ಹಿಡಿಯಿತು. ಮೊದಲು ಕೈ ಹೋಯಿತು, ಆಮೇಲೆ ಕಾಲು. ಮಾತೂ ಹೋಗುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರಿಂದ ಅತ್ತಿಗೆ ಅವನು ದಿನಾ ಆಡುವ ಮಾತುಗಳನ್ನು, ಹೇಳುವ ಕಥೆಗಳನ್ನು ಅವನ ದನಿಯಲ್ಲೇ ರೆಕಾರ್ಡ್ ಮಾಡಿಟ್ಟರು. ಈಗ ಅಂಗಡಿ ನಡೆಸುವವಳು ನಾನು. ಅಣ್ಣ ಕನ್ನಡಿಯ ಪಕ್ಕ ಗಾಲಿಕುರ್ಚಿಯಲ್ಲಿ ಕೂರುತ್ತಾನೆ. ಅವನು ಹೇಳಿದಂತೆ ಕೇಳುವುದು ಬಲಗೈ ಹೆಬ್ಬೆರಳೊಂದೇ. ಎದುರಿನ ಪರದೆಯ ಮೇಲೆ ಅವನ ಮಾತುಗಳು ಚೌಕ ಚೌಕವಾಗಿ ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದ್ದು ಬೆಳಗಿದಾಗ ಗುಂಡಿ ಒತ್ತಿದರೆ ಕಂಪ್ಯೂಟರ್ ಅದನ್ನು ಅಣ್ಣನ ದನಿಯಲ್ಲಿ ಹೇಳುತ್ತದೆ.

ಹೇಳುತ್ತದೆ ಸರಿ, ಯಾವಾಗ ಹೇಳುತ್ತದೆ? ಅಲ್ಲೇ ತಾಪತ್ರಯ. ಅದು ಓಬೀರಾಯನ ಕಾಲದ ಯಂತ್ರ. ಹೊಸದು ತರೋಣವೆಂದರೆ ಅಣ್ಣನ ಹೆಬ್ಬೆರಳಿನ ಗುಂಡಿಯನ್ನು ಕಂಪ್ಯೂಟರಿಗೆ ಜೋಡಿಸಲು ಯಾರೋ ಪುಣ್ಯಾತ್ಮರು ಕೈಯಾರೆ ಮಾಡಿಕೊಟ್ಟ ಕಾರ್ಡ್ ಕೂರುವ ಜಾಗವೇ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಹಾಗಾಗಿ ಅಣ್ಣ ಗುಂಡಿ ಒತ್ತಿದ ಮೇಲೆ ಅದು ಮೆಲುಕು ಹಾಕುತ್ತಾ ಕೂರುತ್ತಿತ್ತು. ಮಾತು ಹೊರಬರುವಷ್ಟರಲ್ಲಿ ನಾವೆಲ್ಲ ಬೇರೆ ವಿಷಯಕ್ಕೆ ಹೋಗಿರುತ್ತಿದ್ದೆವು.

ಒಂದು ದಿನ ಬ್ಯಾಂಕಿನ ಗುಮಾಸ್ತರಿಗೆ ಶೇವಿಂಗ್ ಮಾಡುತ್ತಾ ಪೇಟೆಯಲ್ಲಿ ಸಿಗುವ ಬ್ಲೇಡುಗಳನ್ನು ಬಯ್ಯುತ್ತಿದ್ದೆ. ಅಣ್ಣ ಗುಂಡಿ ಒತ್ತಿದ. ಯಂತ್ರ ಎಂದಿನಂತೆ ಮೆಲುಕು ಹಾಕಿತು. ಅಷ್ಟರಲ್ಲಿ ಗುಮಾಸ್ತರು ಜೇಬಿನಿಂದ ಫೋಟೋ ತೆಗೆದು, “ನಮ್ಮ ಹುಡುಗಿಗೆ ಗೊತ್ತು ಮಾಡಿರೋ ಗಂಡು, ನೋಡಮ್ಮ” ಅಂದರು. ಅದೇ ಹೊತ್ತಿಗೆ ಅಣ್ಣನ ದನಿ ಗಟ್ಟಿಯಾಗಿ ಮೊಳಗಿತು: “ಎಲ್ಲಾ ನಕಲಿ ಮಾಲು ಕಣ್ರೀ!”

ಅಯ್ಯೋ ದೇವರೇ! ಗುಮಾಸ್ತರು ಅರ್ಧ ಮುಖದ ನೊರೆಯಲ್ಲೇ ಎದ್ದು ಹೊರಟುಹೋದರು. ಬೆಂಚಿನವರು ಬಿದ್ದು ಬಿದ್ದು ನಕ್ಕರು. ಅಣ್ಣ ನಗಲಿಲ್ಲ. ಆವತ್ತಿನಿಂದ ಗುಂಡಿ ಮುಟ್ಟುವುದನ್ನೇ ಬಿಟ್ಟ. ಬೆಳಗುವ ಚೌಕಗಳನ್ನು ನೋಡುತ್ತಾನೆ, ಹೆಬ್ಬೆರಳು ಎತ್ತುವುದಿಲ್ಲ. ಕಾಯಿಲೆ ಬಂದಾಗ ಅಳದ ಅತ್ತಿಗೆ ಈಗ ಅತ್ತರು. “ಕಾಯಿಲೆ ಮಾತು ಕಿತ್ಕೊಂಡ್ರೂ ಇವರು ಸೋತಿರ್ಲಿಲ್ಲ ಕಣೇ. ಈಗ ಸೋತ್ರು” ಅಂದರು. ಮರುದಿನವೇ ನಾನು ನಿಧಾನಪ್ಪನವರನ್ನು ಕರೆದುಕೊಂಡು ಬಂದೆ.

ಬಂದವರು ಯಂತ್ರ ಬಿಚ್ಚಲಿಲ್ಲ. ಅವರ ಪದ್ಧತಿಯೇ ಹಾಗೆ, ಯಂತ್ರಕ್ಕಿಂತ ಮೊದಲು ಅದರ ಯಜಮಾನನನ್ನು ನೋಡಬೇಕು. ಬೆಳಗಿನ ಹೊತ್ತೆಲ್ಲ ಬೆಂಚಿನ ಮೇಲೆ ಕೂತು ಅಣ್ಣನನ್ನೇ ನೋಡಿದರು. ನನಗೋ ಮೈಯೆಲ್ಲ ಉರಿ. “ಸಾರ್, ನೋಡಿದ್ರೆ ರಿಪೇರಿ ಆಗುತ್ತಾ?” ಅಂದೆ. ಅವರು ಕನ್ನಡಕ ಒರೆಸಿಕೊಂಡರು. “ಮಾತು ತಡವಾದ್ರೆ ಜನ ಕಾಯಲ್ಲಮ್ಮ. ನನಗೆ ಗೊತ್ತು” ಅಂದರು.

ಆಮೇಲೆ ಅತ್ತಿಗೆಯನ್ನು ಕೂರಿಸಿಕೊಂಡು ವಿವರಿಸಿದರು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನು ಅದು ತಯಾರಾದಾಗ ಗೊತ್ತುಮಾಡಿದ್ದ ವೇಗಕ್ಕಿಂತ ಜೋರಾಗಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ಆದರೆ ಬಿಸಿಯಾಗುತ್ತದೆ, ಸುಟ್ಟುಹೋದರೂ ಹೋಗಬಹುದು.

“ಇರೋ ಮಾತೂ ಹೋದ್ರೆ?” ಅತ್ತಿಗೆ ಕೇಳಿದರು. ಆ ಕಂಪ್ಯೂಟರ್ ಸತ್ತರೆ ಅಣ್ಣನಿಗೆ ಬೇರೆ ನಾಲಿಗೆ ಇರಲಿಲ್ಲ. ನಿಧಾನಪ್ಪನವರು ಅಣ್ಣನ ಕಡೆ ತಿರುಗಿ, “ನೀವೇ ಹೇಳಿ” ಎಂದು ಕಾದರು. ಎಷ್ಟೋ ದಿನದ ಮೇಲೆ ಅಣ್ಣನ ಹೆಬ್ಬೆರಳು ಎದ್ದಿತು. ಯಂತ್ರ ತನ್ನ ಪಾಡಿಗೆ ತಾನು ತಡಮಾಡಿ, ಕೊನೆಗೆ ಅವನು ಗಿರಾಕಿಗಳಿಗೆ ಹೇಳುತ್ತಿದ್ದ ಮಾತನ್ನು ಹೇಳಿತು: “ಹೆದರ್ಬೇಡಿ, ಕತ್ತು ಅಲ್ಲಾಡಿಸ್ದೆ ಕೂತ್ಕೊಳ್ಳಿ!”

ಮೊದಲ ಸಲ ವೇಗ ಏರಿಸಿದಾಗ ಚೌಕಗಳು ಚಕಚಕನೆ ಓಡಿದವು. ಅಣ್ಣ ಒತ್ತಿದ ಕೂಡಲೇ “ಹೌದು” ಬಂತು. ನಾನು ಚಪ್ಪಾಳೆ ತಟ್ಟಿದೆ. ಮತ್ತೆ ಒತ್ತಿದ. “ಹೌದು ಹೌದು ಹೌದು ಹೌ...” ಎನ್ನುತ್ತಾ ಯಂತ್ರ ಅಲ್ಲೇ ಸಿಕ್ಕಿಕೊಂಡಿತು. ಪರದೆ ಕಪ್ಪಾಯಿತು. ನಿಧಾನಪ್ಪನವರು ಪ್ಲಗ್ ಕಿತ್ತು, ತಣಿಯಲು ಬಿಟ್ಟು, ಮತ್ತೆ ಚಾಲೂ ಮಾಡಿದರು. ಪುಣ್ಯಕ್ಕೆ ಬದುಕಿತ್ತು.

ಒಳಗಿನ ಹಲಗೆ ತೋರಿಸಿ ಹೇಳಿದರು: “ತಪ್ಪು ಪ್ರೊಸೆಸರ್‌ದಲ್ಲ. ಪಕ್ಕದಲ್ಲಿ ಈ ಚಿಪ್‌ಗಳಿವೆ ನೋಡಿ, ಇದು ಕ್ಯಾಶ್ ಮೆಮೊರಿ. ನೀವು ಕಟಿಂಗ್ ಮಾಡೋವಾಗ ಬಾಚಣಿಗೆ, ಕತ್ತರಿ ಕೈಗೆ ಸಿಗೋ ಹಾಗೆ ಕನ್ನಡಿ ಮುಂದೆ ಇಟ್ಕೋತೀರಲ್ಲ? ಪ್ರೊಸೆಸರ್‌ಗೆ ಅಂಥಾ ಜಾಗ ಇದು. ಅದು ಓಡುತ್ತೆ. ಇವಕ್ಕೆ ಅಷ್ಟು ಓಡಕ್ಕಾಗಲ್ಲ.”

“ಎತ್ತು ಏರಿಗೆ, ಕೋಣ ನೀರಿಗೆ” ಅಂದೆ ನಾನು.

“ಹಾಗೇ ಅನ್ಕೊಳ್ಳಿ. ಪಾಪ, ಕೋಣದ್ದೂ ತಪ್ಪಿಲ್ಲ” ಅಂದರು.

ನನಗೆ ತಡೆಯಲಾಗಲಿಲ್ಲ. “ಹಂಗಾದ್ರೆ ಕೋಣನ್ನೇ ಬಿಚ್ಚಿಬಿಡಿ ಸಾರ್!” ಅಂದೆ. ಅವರು ವಾದಿಸದೆ ಕ್ಯಾಶನ್ನು ಬಂದ್ ಮಾಡಿ, ವೇಗ ಇನ್ನಷ್ಟು ಏರಿಸಿ ತೋರಿಸಿದರು. ಪರದೆಯ ಮೇಲೆ ವೇಗದ ಅಂಕಿ ಹಿಂದೆಂದೂ ಕಾಣದಷ್ಟು ದೊಡ್ಡದಾಗಿ ಬಂತು, ಯಂತ್ರ ಸಿಕ್ಕಿಕೊಳ್ಳಲೂ ಇಲ್ಲ. ಬೆಂಚಿನವರನ್ನೆಲ್ಲ ಕರೆದು ಆ ಅಂಕಿ ತೋರಿಸಿ ಮೆರೆದೆ. ಅಣ್ಣ ಗುಂಡಿ ಒತ್ತಿದ. ಕಾದೆವು. ಕಾದೇ ಕಾದೆವು. ಮೊದಲಿಗಿಂತಲೂ ತಡ! ಪ್ರತಿಯೊಂದಕ್ಕೂ ಒಳಗಿನ ಕಪಾಟಿಗೆ ಹೋಗಿಬಂದು ಕ್ಷೌರ ಮಾಡಿದ ಹಾಗಾಗಿತ್ತು. ಅತ್ತಿಗೆ ನನ್ನತ್ತ ನೋಡಿ, “ಅಂಕಿ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ?” ಅಂದರು.

ನಿಧಾನಪ್ಪನವರು ಕ್ಯಾಶನ್ನು ಮತ್ತೆ ಚಾಲೂ ಮಾಡಿದರು. ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ, ಆ ಚಿಪ್‌ಗಳು ಎಲ್ಲಿಯವರೆಗೆ ಜೊತೆ ಕೊಡುತ್ತವೆ ಎಂದು ಹುಡುಕಿದರು. ಅವುಗಳ ಮೇಲೇ ಗಾಳಿ ಬೀಸುವಂತೆ ಪುಟ್ಟ ಫ್ಯಾನ್ ಕಟ್ಟಿದರು. ಕ್ಯಾಶಿನ ಜಾಗವೂ ಚಿಕ್ಕದಾದ್ದರಿಂದ, ಅಣ್ಣನ ಉದ್ದುದ್ದ ಕಥೆಗಳನ್ನು ಬೇರೆ ಕಡೆ ಇಟ್ಟು, ಚುಟುಕು ಮಾತುಗಳನ್ನು ಮಾತ್ರ ಮುಂದೆ ಉಳಿಸಿದರು. ಯಾವುದು ಉಳಿಯಬೇಕು ಎಂದು ಒಂದೊಂದಕ್ಕೂ ಅಣ್ಣನನ್ನೇ ಕೇಳಿದರು. ಅವನ ಹೆಬ್ಬೆರಳು ಒಪ್ಪುವವರೆಗೆ ಕಾದರು. ನಾನಾಗಿದ್ದರೆ ಎಲ್ಲ ನಾನೇ ಆರಿಸಿ ಮುಗಿಸಿಬಿಡುತ್ತಿದ್ದೆ. ಕಾಯುವುದೂ ಒಂದು ಉಪಕಾರ ಎಂದು ನನಗೆ ಗೊತ್ತಾದದ್ದು ಅವರಿಂದ. ಆ ಮನುಷ್ಯನ ಋಣ ಯಾವ ಜನ್ಮಕ್ಕೆ ತೀರುತ್ತದೋ! ಈಗಲೂ ಬೆಳಿಗ್ಗೆ ಅಂಗಡಿ ತೆರೆದು ಆ ಫ್ಯಾನಿನ ಗುಂಯ್‌ ಸದ್ದು ಕೇಳಿದಾಗ ಮನಸ್ಸಿನಲ್ಲೇ ಅವರಿಗೆ ಕೈಮುಗಿಯುತ್ತೇನೆ.

ಕೆಲಸ ಮುಗಿದ ಸಂಜೆ ಅವರನ್ನು ಬಿಡದೆ ಕುರ್ಚಿಯಲ್ಲಿ ಕೂರಿಸಿ ಕಟಿಂಗ್ ಶುರುಮಾಡಿದೆ. ಯಂತ್ರ ಸಿಕ್ಕಿಕೊಳ್ಳದೆ ಓಡುತ್ತಿತ್ತು, ಆದರೆ ಅಣ್ಣ ತಾನಾಗಿ ಇನ್ನೂ ತುಟಿಪಿಟಕ್ ಎಂದಿರಲಿಲ್ಲ. ಅತ್ತಿಗೆ ಬಾಗಿಲಲ್ಲಿ ನಿಂತು ಅವನ ಬೆರಳನ್ನೇ ನೋಡುತ್ತಿದ್ದರು. ಆ ಮೌನ ತಡೆಯಲಾರದೆ ನಾನು ಬಾಯಿಗೆ ಬಂದದ್ದು ಮಾತಾಡುತ್ತಾ ಹೋದೆ. “ನೀವು ಏನೇ ಹೇಳಿ ಸಾರ್, ಈ ಅಂಗಡಿ ನಡೀತಿರೋದೇ ನನ್ನ ತಾಳ್ಮೆಯಿಂದ. ನಾನು ಇಲ್ಲೀವರೆಗೂ ಒಬ್ಬ ಗಿರಾಕಿ ಮೇಲೂ ರೇಗಿದ್ದೇ...”

“ಬುರುಡೆ!”

ಅಣ್ಣನ ದನಿ. ನನ್ನ ವಾಕ್ಯ ಇನ್ನೂ ಮುಗಿದಿರಲಿಲ್ಲ. ಬೆಂಚಿನ ತುಂಬ ನಗು ಎದ್ದಿತು. ನಿಧಾನಪ್ಪನವರು ಹೊದಿಕೆಯೊಳಗೇ ಕುಲುಕಿ ಕುಲುಕಿ ನಕ್ಕರು. “ಏನೋ ಅಂದೆ? ಯಾವತ್ತು ರೇಗಿದ್ದೀನಿ, ಒಬ್ಬರನ್ನ ತೋರಿ...” ಅನ್ನುವಷ್ಟರಲ್ಲಿ ಮತ್ತೆ ಬಂತು: “ಸಾಕು ನಿಲ್ಸಮ್ಮ!”

ನನಗೋ ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. ಬಾಗಿಲ ಕಡೆ ತಿರುಗಿ, ಚಿಕ್ಕ ಹುಡುಗಿಯ ಹಾಗೆ ದೂರು ಹೇಳಿದೆ:

“ಅತ್ತಿಗೆ, ನೋಡಿ ಇವನನ್ನ! ನನಗೆ ಮಾತಾಡಕ್ಕೇ ಬಿಡ್ತಿಲ್ಲ!”