ಹಂಸದ ಪಕ್ಕದ ಖಾಲಿ ತಾವರೆ

ಮೂಡುಬಿದಿರೆಯಲ್ಲಿ ನನ್ನದು ಫೋಟೋಗಳಿಗೆ ಫ್ರೇಮ್ ಹಾಕುವ ಅಂಗಡಿ. ದೇವರು, ಮದುಮಕ್ಕಳು, ತೀರಿಕೊಂಡವರು, ಎಲ್ಲರೂ ನನ್ನ ಮೇಜಿನ ಮೇಲೆ ಬರೀ ಉದ್ದ ಅಗಲ. ಚಿತ್ರ ಕಂಡರೆ ಕೈ ಮುಗಿಯುವ ಅಭ್ಯಾಸ ನನಗೆ ಎಂದೋ ಬಿಟ್ಟುಹೋಗಿದೆ.

ಕಳೆದ ನವರಾತ್ರಿಗೆ ಮುಂಚೆ ಸಿದ್ಧಕಟ್ಟೆ ಕಡೆಯ ಹಿರಿಯ ಹೆಂಗಸೊಬ್ಬರು ಗೆದ್ದಲು ಹಿಡಿದ ಸಣ್ಣ ಫ್ರೇಮೊಂದನ್ನು ಟವಲಿನಲ್ಲಿ ಸುತ್ತಿ ತಂದರು. ಒಳಗೆ ಅಂಗೈಯಷ್ಟು ಚಿತ್ರ. ಕೊಳ, ಜೊಂಡು, ಒಂದು ಬಿಳಿ ಹಂಸ, ಅದರ ಪಕ್ಕದಲ್ಲಿ ಅರಳಿದ ದೊಡ್ಡ ತಾವರೆ. ತಾವರೆಯ ಮೇಲೆ ಯಾರೂ ಇಲ್ಲ.

“ಇದರಲ್ಲಿ ಸರಸ್ವತಿ ಇದ್ದದ್ದಂತೆ. ನಾನು ಮದುವೆಯಾಗಿ ಬಂದ ದಿನ ಎದ್ದು ಹೋದದ್ದು ಅಂತ ಅತ್ತೆ ಹೇಳ್ತಿದ್ರು. ಕಂಪ್ಯೂಟರಿನಲ್ಲಿ ಪುನಃ ಕೂರಿಸ್ಲಿಕ್ಕೆ ಆಗ್ತದಾ?”

ತಮಾಷೆಗೆ ಹೇಳಿದ್ದಿರಬೇಕು ಎಂದೆ.

“ನನ್ನ ಮಕ್ಕಳು ಫೇಲಾದಾಗೆಲ್ಲ ಹೇಳ್ತಿದ್ರು. ಅದು ತಮಾಷೆಯಾ?”

ಅತ್ತೆ ತೀರಿಹೋಗಿ ವರ್ಷಗಳೇ ಆಗಿದ್ದವು. ದಿನಾ ಆ ಖಾಲಿ ಹೂವಿನ ಮುಂದೆ ದೀಪ ಹಚ್ಚುತ್ತಿದ್ದದ್ದು ಇವರೇ.

ಕೂರಿಸಬಹುದು, ದೊಡ್ಡ ಕೆಲಸವೇನಲ್ಲ ಎಂದು ಹೇಳಿ ಮೊಳೆ ಕಿತ್ತೆ. ಹಿಂದಿನ ರಟ್ಟು ಪುಡಿಯಾಗಿ ಉದುರಿತು. ಚಿತ್ರಕ್ಕೆ ಏನೂ ಆಗಿರಲಿಲ್ಲ. ತಿರುಗಿಸಿ ನೋಡಿದರೆ ಬೆನ್ನ ತುಂಬ ಸಣ್ಣ ಅಕ್ಷರದ ಇಂಗ್ಲಿಷು. ನೂರು ವರ್ಷಕ್ಕೂ ಹಿಂದೆ ಪರದೇಶದ ವ್ಯಾಪಾರಿಗಳು ಗಿರಾಕಿಗಳಿಗೆ ಪುಕ್ಕಟೆ ಹಂಚುತ್ತಿದ್ದ ಜಾಹೀರಾತು ಕಾರ್ಡು. ಅಂಥವು ಮೊದಲೂ ನನ್ನ ಕೈಗೆ ಬಂದಿದ್ದವು. ನೂಲು ಮಾರುವವರು ಹಕ್ಕಿಯ ಚಿತ್ರ ಹಾಕಿಸುತ್ತಿದ್ದರು, ಸಾಬೂನಿನವರು ಗುಲಾಬಿಯದು. ಚಿತ್ರಕ್ಕೂ ಸರಕಿಗೂ ಸಂಬಂಧ ಇರಲೇಬೇಕೆಂದಿಲ್ಲ. ಚಂದ ಇದ್ದದ್ದನ್ನು ಜನ ಎಸೆಯುವುದಿಲ್ಲ, ಅಷ್ಟೇ ಅವರ ಲೆಕ್ಕಾಚಾರ. ಈ ಮನೆಯವರು ಎಸೆಯದೆ ಇಟ್ಟುಕೊಂಡದ್ದು ಮಾತ್ರವಲ್ಲ, ದೇವರಕೋಣೆಗೇ ಸೇರಿಸಿಬಿಟ್ಟಿದ್ದರು.

“ಹಿಂದೆ ಏನು ಬರೆದದ್ದು?” ಎಂದು ಅವರು ಕೇಳಿದರು.

ಏನಾದರೊಂದು ಶ್ಲೋಕ ಎಂದುಬಿಡಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ.

“ಹೊಟ್ಟೆ ಸಾಫ್ ಆಗುವ ಮಾತ್ರೆ, ಅಮ್ಮ. ಅದರ ಜಾಹೀರಾತು.”

“ಮತ್ತೆ ಸರಸ್ವತಿ?”

“ಇದರಲ್ಲಿ ಇರಲೇ ಇಲ್ಲ. ಪ್ರಿಂಟ್ ಮಾಡಿದ್ದೇ ಹೀಗೆ.”

ಅವರು ಕಾರ್ಡನ್ನು ಇಸಿದುಕೊಂಡು, ತಮಗೆ ಓದಲು ಬಾರದ ಆ ಬದಿಯನ್ನೇ ತುಂಬ ಹೊತ್ತು ನೋಡಿದರು. ನನಗೆ ಪಾಪ ಅನ್ನಿಸಿತು. ಇಷ್ಟು ವರ್ಷದ ಪೂಜೆಯನ್ನು ಒಂದು ಮಾತಿನಲ್ಲಿ ನೀರುಪಾಲು ಮಾಡಿದೆ ಎಂದುಕೊಂಡೆ.

“ಹಾಗಾದ್ರೆ ಯಾರೂ ಎದ್ದು ಹೋಗ್ಲಿಲ್ಲ,” ಎಂದರು.

“ಇಲ್ಲ.”

ಅವರು ಕುರ್ಚಿಯಲ್ಲಿ ಕುಳಿತು ಕಣ್ಣೊರೆಸಿಕೊಂಡರು. ಆಮೇಲೆ ಕಾರ್ಡನ್ನು ಇಂಗ್ಲಿಷಿನ ಬದಿ ಮೇಲಾಗಿ ನನ್ನ ಮೇಜಿನ ಮೇಲೆ ಇಟ್ಟರು.

“ಕೂರಿಸುವುದು ಬೇಡ. ಹೀಗೇ ಇರಲಿ. ಗಾಜು ಮಾತ್ರ ಎರಡೂ ಬದಿಗೆ ಹಾಕಿ ಕೊಡಿ.”